ಮನೆಯಲ್ಲಿ ನೃತ್ಯದ ವಿಡಿಯೋ ಆಟ: ದಂಪತಿಗಳಿಗೊಂದು ಪಾಠ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದಷ್ಟೇ ಎಂದು ಅನೇಕರು ಭಾವಿಸಿರುವುದುಂಟು. ಇದು ಪೂರ್ಣ ಸತ್ಯವಲ್ಲ. ಹುಟ್ಟಿದ ಮಕ್ಕಳು ಆರೋಗ್ಯವಾಗಿ ಬೆಳೆಯುವುದು, ಹೆರಿಗೆಯ ಬಳಿಕ ತಾಯಿಯ ದೇಹವು ಮತ್ತೆ ಬಲಗೊಳ್ಳುವುದು, ಗಂಡಹೆಂಡಿರು ದಿನದಲ್ಲಿ ಕೆಲವು ನಿಮಿಷಗಳನ್ನಾದರೂ ಜೊತೆಯಾಗಿ ನಗುತ್ತ ಕಳೆಯುವುದು, ಇವೆಲ್ಲವೂ ಕುಟುಂಬ ಕಲ್ಯಾಣದ ಅಂಗಗಳೇ ಆಗಿವೆ. ಈ ಪಾಠದಲ್ಲಿ ಅಂತಹ ಒಂದು ಸಾಧನದ ವಿಚಾರವನ್ನು ತಿಳಿದುಕೊಳ್ಳೋಣ. ಅದು ಹಾಡಿನ ತಾಳಕ್ಕೆ ಹೆಜ್ಜೆ ಹಾಕುವ ವಿಡಿಯೋ ಆಟ.

“ವಿಡಿಯೋ ಆಟವು ಮಕ್ಕಳನ್ನು ಕೆಡಿಸುವ ವಸ್ತುವಲ್ಲವೇ?” ಎಂದು ನೀವು ಕೇಳಬಹುದು. ಕುಳಿತಲ್ಲಿಯೇ ಬೆರಳಾಡಿಸುವ ಆಟಗಳ ವಿಷಯದಲ್ಲಿ ಈ ಅಂಜಿಕೆಗೆ ಕಾರಣವಿದೆ. ಆದರೆ ಇಲ್ಲಿ ಹೇಳುವ ಆಟವನ್ನು ಕುಳಿತು ಆಡಲಾಗದು. ಎದ್ದು ನಿಲ್ಲಬೇಕು, ಕಾಲು ಎತ್ತಿ ಇಡಬೇಕು, ಬೆವರಬೇಕು.

ಈ ಆಟ ಹೇಗೆ ಬಂದಿತು?

1998ರಲ್ಲಿ ಜಪಾನಿನ ಕೊನಾಮಿ ಎಂಬ ಸಂಸ್ಥೆಯು ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ ಯಂತ್ರವನ್ನು ಆಟದ ಮಳಿಗೆಗಳಿಗೆ ತಂದಿತು. ಇದು ನಾಣ್ಯ ಹಾಕಿ ಆಡುವ ಯಂತ್ರ. ದೊಡ್ಡ ಪರದೆಯ ಮುಂದೆ ನೆಲಮಟ್ಟದಲ್ಲಿ ಎರಡು ಮಣೆಗಳು ಅಕ್ಕಪಕ್ಕದಲ್ಲಿ ಇರುತ್ತವೆ. ಪ್ರತಿ ಮಣೆಯ ಮೇಲೆ ಎಡ, ಬಲ, ಮುಂದೆ, ಹಿಂದೆ ಎಂದು ನಾಲ್ಕು ಬಾಣದ ಗುರುತುಗಳು. 1999ರಲ್ಲಿ ಇದೇ ಆಟವು ಮನೆಯ ಟಿ.ವಿ.ಗೆ ಜೋಡಿಸುವ ರೂಪದಲ್ಲಿಯೂ ಬಂದಿತು. ಮಣೆಯ ಬದಲು ನೆಲದ ಮೇಲೆ ಹಾಸುವ ಚಾಪೆ ಬಳಕೆಗೆ ಬಂದಿತು.

ಅಮೆರಿಕ ದೇಶದ ವೆಸ್ಟ್ ವರ್ಜಿನಿಯಾ ರಾಜ್ಯದಲ್ಲಿ ಮಕ್ಕಳ ಬೊಜ್ಜು ಒಂದು ದೊಡ್ಡ ಸಮಸ್ಯೆಯಾಗಿತ್ತು. ಅಲ್ಲಿನವರು 2006ರಲ್ಲಿ ರಾಜ್ಯದ ಎಲ್ಲ 765 ಸರಕಾರಿ ಶಾಲೆಗಳ ವ್ಯಾಯಾಮ ಪಾಠಕ್ಕೆ ಈ ಆಟವನ್ನು ಸೇರಿಸುವ ಯೋಜನೆಯನ್ನು ಪ್ರಕಟಿಸಿದರು. ಚೆಂಡಾಟದಲ್ಲಿ ಹಿಂದೆ ಉಳಿಯುವ, ಓಟವೆಂದರೆ ನಾಚುವ ಮಗುವೂ ತಾಳಕ್ಕೆ ಹೆಜ್ಜೆ ಹಾಕಲು ಮುಂದೆ ಬರುವುದೆಂಬುದು ಇದರ ಹಿಂದಿನ ವಿಚಾರ. ಮಗುವಿಗೆ ಸಲ್ಲುವ ಈ ಮಾತು ಹಿರಿಯರಿಗೂ ಸಲ್ಲುತ್ತದೆ.

ಆಟದ ರೀತಿ

ಹಾಡು ಆರಂಭವಾಗುತ್ತಲೇ ಪರದೆಯ ಕೆಳಗಿನಿಂದ ಬಾಣಗಳು ಮೇಲೇರುತ್ತವೆ. ಪರದೆಯ ಮೇಲ್ಭಾಗದಲ್ಲಿ ನಾಲ್ಕು ಬಾಣಗಳು ಕದಲದೆ ನಿಂತಿರುತ್ತವೆ. ಏರಿ ಬಂದ ಬಾಣವು ನಿಂತ ಬಾಣದೊಡನೆ ಸರಿಯಾಗಿ ಕೂಡಿದ ಕ್ಷಣದಲ್ಲಿ ಚಾಪೆಯ ಮೇಲೆ ಅದೇ ದಿಕ್ಕಿನ ಗುರುತನ್ನು ಮೆಟ್ಟಬೇಕು. ಮೇಲ್ಮುಖ ಬಾಣಕ್ಕೆ ಮುಂದಿನ ಗುರುತು, ಕೆಳಮುಖ ಬಾಣಕ್ಕೆ ಹಿಂದಿನ ಗುರುತು. ಹೊತ್ತಿಗೆ ಸರಿಯಾಗಿ ಮೆಟ್ಟಿದರೆ ‘ಪರ್ಫೆಕ್ಟ್’ ಎಂದೂ, ಸ್ವಲ್ಪ ಹೆಚ್ಚುಕಡಿಮೆಯಾದರೆ ‘ಗ್ರೇಟ್’ ಅಥವಾ ‘ಗುಡ್’ ಎಂದೂ, ತಪ್ಪಿದರೆ ‘ಮಿಸ್’ ಎಂದೂ ಪರದೆ ತೋರಿಸುತ್ತದೆ.

ಚಾಪೆಯ ಒಳಗೆ ವಿದ್ಯುತ್ತು ಹರಿಯುವ ಎರಡು ತೆಳು ಪದರಗಳಿರುತ್ತವೆ. ನಡುವೆ ತೂತುಗಳಿರುವ ಸ್ಪಂಜು ಇರುತ್ತದೆ. ಪಾದದ ಭಾರ ಬಿದ್ದಾಗ ಎರಡು ಪದರಗಳು ಒಂದನ್ನೊಂದು ಮುಟ್ಟಿ ಸಂಜ್ಞೆ ಹೋಗುತ್ತದೆ. ಆದುದರಿಂದ ಬಲವಾಗಿ ಕುಟ್ಟುವ ಅಗತ್ಯವಿಲ್ಲ. ಕುಟ್ಟಿದರೆ ಚಾಪೆ ಬೇಗ ಹಾಳಾಗುವುದು, ಮಂಡಿಯೂ ನೋಯುವುದು.

ಇನ್ನೊಂದು ಬಗೆಯ ಆಟವೂ ಉಂಟು. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯು 2009ರಲ್ಲಿ ಹೊರತಂದ ‘ಜಸ್ಟ್ ಡ್ಯಾನ್ಸ್’ ಇದಕ್ಕೆ ಉದಾಹರಣೆ. ಇದಕ್ಕೆ ಚಾಪೆ ಬೇಡ. ಪರದೆಯ ಮೇಲೆ ಒಬ್ಬರು ನರ್ತಿಸುತ್ತಾರೆ. ಕನ್ನಡಿಯಲ್ಲಿ ಕಂಡಂತೆ ಅವರನ್ನು ಅನುಸರಿಸಬೇಕು. ಬಲಗೈಯಲ್ಲಿ ಹಿಡಿದ ಸಾಧನವು ಕೈಯ ಚಲನೆಯನ್ನು ಅಳೆಯುತ್ತದೆ. ಮುಂದೆ ಬರುವ ಭಂಗಿಯನ್ನು ಪರದೆಯ ಕೆಳಮೂಲೆಯಲ್ಲಿ ಚಿಕ್ಕ ಚಿತ್ರವು ಮೊದಲೇ ಸೂಚಿಸುತ್ತದೆ.

ದುಡಿಯುವವರಿಗೆ ಇದು ಬೇಕೇ?

ಇದು ಯೋಗ್ಯವಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಲನೆ ಅವಶ್ಯವೆಂದು ಹೇಳಿದೆ. ಹೊಲದ ಕೆಲಸ, ನೀರು ಹೊರುವುದು, ನಡಿಗೆ, ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ದಿನವಿಡೀ ಬಗ್ಗಿ ಕಳೆ ಕಿತ್ತು ಬಂದವರಿಗೆ ಸಂಜೆ ಬೇಕಾದದ್ದು ವಿಶ್ರಾಂತಿಯೇ ಹೊರತು ಇನ್ನೊಂದು ಶ್ರಮವಲ್ಲ. ಅವರನ್ನು ಒತ್ತಾಯಪಡಿಸಲಾಗದು.

ಆದರೆ ಹಳ್ಳಿಯ ಬದುಕೂ ಬದಲಾಗಿದೆ. ನೇಗಿಲಿನ ಜಾಗದಲ್ಲಿ ಟ್ರ್ಯಾಕ್ಟರು, ನಡಿಗೆಯ ಜಾಗದಲ್ಲಿ ಮೋಟಾರು ಸೈಕಲ್ಲು ಬಂದಿವೆ. ಅಂಗಡಿ, ಕಚೇರಿ, ಹೊಲಿಗೆ ಯಂತ್ರದ ಮುಂದೆ ಕುಳಿತು ದುಡಿಯುವವರು ಹೆಚ್ಚಿದ್ದಾರೆ. ಸುಗ್ಗಿ ಮುಗಿದ ಮೇಲೆ ಕೈಕಾಲಿಗೆ ಕೆಲಸ ಕಡಿಮೆ. ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡಗಳು ಪಟ್ಟಣವನ್ನು ದಾಟಿ ಹಳ್ಳಿಗೂ ಬಂದಿವೆ. ಇಂತಹ ಮನೆಗಳಿಗೆ ಈ ಆಟ ಸಹಾಯಕವಾಗಬಲ್ಲದು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಗೃಹಿಣಿಗೆ ಕೆಲಸವುಂಟು, ಆಟವಿಲ್ಲ. ಬಾಲ್ಯದಲ್ಲಿ ಕುಂಟೆಬಿಲ್ಲೆ ಆಡಿದವಳು, ಕೋಲಾಟದಲ್ಲಿ ಹೆಜ್ಜೆ ಹಾಕಿದವಳು ಮದುವೆಯ ನಂತರ ಅವೆಲ್ಲವನ್ನೂ ತವರಿನಲ್ಲಿಯೇ ಬಿಟ್ಟು ಬರುತ್ತಾಳೆ. ಆಟವು ಶ್ರಮವನ್ನು ಮಾತ್ರವಲ್ಲ, ಮನಸ್ಸಿನ ಭಾರವನ್ನೂ ಇಳಿಸುತ್ತದೆ. ಆ ಹಕ್ಕು ಗಂಡಸಿಗೆ ಎಷ್ಟಿದೆಯೋ ಹೆಂಗಸಿಗೂ ಅಷ್ಟೇ ಇದೆ.

ಮೊದಲು ಬಿಡುವು, ಆಮೇಲೆ ಆಟ

ಗೃಹಸ್ಥರೇ, ಆಟದ ಚಾಪೆ ತರುವುದು ಸುಲಭ. ಹೆಂಡತಿಗೆ ಅರ್ಧ ಗಂಟೆಯ ಬಿಡುವು ತಂದುಕೊಡುವುದು ಕಷ್ಟ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಪಾತ್ರೆಗಳು ರಾಶಿ ಬಿದ್ದಿರುವಾಗ, ಮಗು ಅಳುತ್ತಿರುವಾಗ “ಬಾ, ಆಡೋಣ” ಎಂದರೆ ಆಕೆಗೆ ಅದು ಮತ್ತೊಂದು ಕರ್ತವ್ಯವಾಗುವುದು. ಆಟದ ದಿನ ಪಾತ್ರೆ ತೊಳೆಯುವುದು, ಕೊಟ್ಟಿಗೆಯ ಕೆಲಸ, ಮಗುವನ್ನು ಮಲಗಿಸುವುದು ಮೊದಲಾದವುಗಳಲ್ಲಿ ನೀವೂ ಪಾಲು ತೆಗೆದುಕೊಳ್ಳಿರಿ. ಈ ಪಾಲುಗಾರಿಕೆಯೇ ಆಟದ ಮೊದಲ ಹೆಜ್ಜೆ.

“ಗಂಡಹೆಂಡತಿ ಸೇರಿ ಕುಣಿಯುವುದೇ? ನೋಡಿದವರು ಏನೆಂದಾರು?” ಎಂದು ಮನೆಯ ಹಿರಿಯರು ಆಕ್ಷೇಪಿಸಬಹುದು. ಅವರನ್ನು ಹೊರಗಿಟ್ಟು ಕದ ಹಾಕಿಕೊಳ್ಳಬೇಡಿರಿ. “ಅತ್ತೆ, ನೀವು ಕೂತು ತಾಳ ಹಾಕಿ, ನಾವು ತಪ್ಪಿದರೆ ಹೇಳಿ” ಎಂದು ಸೊಸೆ ಕರೆದರೆ, ಹಾಡು ಕೇಳಿ ಬಲ್ಲ ಹಿರಿಯರ ತಾಳವು ಯಂತ್ರದ ತಾಳಕ್ಕಿಂತ ಕಡಿಮೆಯಿರುವುದಿಲ್ಲ. ಸುಗ್ಗಿಯಲ್ಲಿ ಕುಣಿಯುವುದು ನಮ್ಮ ನಾಡಿಗೆ ಹೊಸತೇನಲ್ಲ.

ಬೇಕಾಗುವ ಸಾಮಗ್ರಿಗಳು

ಮನೆಯಲ್ಲಿ ಮಕ್ಕಳ ಓದಿಗಾಗಿ ಕಂಪ್ಯೂಟರ್ ಇದ್ದರೆ ಅಲ್ಪ ವೆಚ್ಚದಲ್ಲಿ ಆರಂಭಿಸಬಹುದು. ‘ಸ್ಟೆಪ್‌ಮೇನಿಯಾ’ ಎಂಬ ಆಟವು ಉಚಿತವಾಗಿ ದೊರೆಯುತ್ತದೆ. ಮೊದಲು ಕೀಲಿಮಣೆಯ ನಾಲ್ಕು ಬಾಣದ ಗುಂಡಿಗಳಿಂದ ಆಟದ ರೀತಿಯನ್ನು ತಿಳಿದುಕೊಂಡು, ಆಸಕ್ತಿ ಉಳಿದರೆ ಯು.ಎಸ್.ಬಿ. ಮೂಲಕ ಜೋಡಿಸುವ ಚಾಪೆಯನ್ನು ಕೊಳ್ಳಬಹುದು. ನಿಮ್ಮಲ್ಲಿರುವ ಯಾವುದೇ ಹಾಡಿಗೆ ಹೆಜ್ಜೆಗಳನ್ನು ಹೊಂದಿಸುವ ಸೌಲಭ್ಯವೂ ಈ ಆಟದಲ್ಲಿದೆ. ಆದುದರಿಂದ ನಿಮಗೆ ಪ್ರಿಯವಾದ ಕನ್ನಡ ಹಾಡಿಗೂ, ಜಾನಪದ ಗೀತೆಗೂ ಹೆಜ್ಜೆ ಹಾಕಲು ಸಾಧ್ಯ. ಪ್ರೌಢಶಾಲೆಯಲ್ಲಿ ಓದುವ ಮಗ ಅಥವಾ ಮಗಳು ಇದನ್ನು ಸಿದ್ಧಪಡಿಸಿಕೊಡಬಲ್ಲರು.

‘ಜಸ್ಟ್ ಡ್ಯಾನ್ಸ್’ ಮೊದಲಾದ ಆಟಗಳ ಇತ್ತೀಚಿನ ಆವೃತ್ತಿಗಳಿಗೆ ಟಿ.ವಿ.ಯ ಜೊತೆಗೆ ಪ್ರತ್ಯೇಕ ಗೇಮ್ ಕನ್ಸೋಲ್ ಬೇಕಾಗುತ್ತದೆ. ಇದು ದುಬಾರಿ. ಬಂಧುಗಳ ಮನೆಯಲ್ಲಿದ್ದರೆ ಅಲ್ಲಿ ಆಡಿ ನೋಡಿರಿ. ಸಾಲ ಮಾಡಿಯಾಗಲಿ, ಕಂತಿನ ಮೇಲಾಗಲಿ ಕೊಳ್ಳತಕ್ಕ ವಸ್ತು ಇದಲ್ಲ. ಮಕ್ಕಳ ಹಾಲು, ಮೊಟ್ಟೆ, ಶಾಲೆಯ ಖರ್ಚು ಮೊದಲು, ಆಟ ಆಮೇಲೆ.

ಇವಾವುವೂ ಇಲ್ಲದವರು ನಿರಾಶರಾಗಬೇಕಿಲ್ಲ. ಮುಂದೆ ಹೇಳಿರುವ ಮೊದಲನೆಯ ವಾರದ ಅಭ್ಯಾಸಕ್ಕೆ ಒಂದು ಸೀಮೆಸುಣ್ಣದ ತುಂಡು, ಹಾಡು ಕೇಳಿಸುವ ರೇಡಿಯೋ ಅಥವಾ ಮೊಬೈಲು ಸಾಕು.

ಸ್ಥಳದ ಸಿದ್ಧತೆ

1. ಗಾಳಿ ಬೆಳಕಿರುವ ಜಾಗವನ್ನು ಆರಿಸಿರಿ. ಒಲೆಯ ಹೊಗೆ ಬರುವ ಕೋಣೆ ಸಲ್ಲದು.
2. ಸುತ್ತಲೂ ಕೈಚಾಚಿದರೆ ಏನೂ ತಗಲದಷ್ಟು ಸ್ಥಳವಿರಲಿ. ತೊಟ್ಟಿಲು, ದೀಪ, ಈಳಿಗೆಮಣೆ, ಬಿಸಿನೀರಿನ ಪಾತ್ರೆಗಳನ್ನು ದೂರವಿಡಿರಿ.
3. ನೆಲ ಒಣಗಿರಬೇಕು. ಆಗತಾನೆ ಸಾರಿಸಿದ ಅಥವಾ ಒರೆಸಿದ ನೆಲ ಜಾರುತ್ತದೆ. ಚಾಪೆಯೂ ನಯವಾದ ನೆಲದಲ್ಲಿ ಸರಿಯುವುದರಿಂದ ಅದನ್ನು ಹಲಗೆಗೆ ಟೇಪಿನಿಂದ ಅಂಟಿಸುವುದು ಲೇಸು.
4. ಬರಿಗಾಲಿನಲ್ಲಿ ಆಡಿರಿ. ಕಾಲುಚೀಲ ಜಾರುತ್ತದೆ. ಸೀರೆಯ ನೆರಿಗೆಯನ್ನು ಎತ್ತಿ ಕಟ್ಟಿಕೊಳ್ಳಬೇಕು. ಚೂಡಿದಾರ ಇನ್ನೂ ಅನುಕೂಲ. ಪಂಚೆ ಉಟ್ಟವರು ಮೇಲೆತ್ತಿ ಕಟ್ಟಲಿ.
5. ಟಿ.ವಿ.ಯ ಚಿತ್ರವು ತಾಳಕ್ಕಿಂತ ತಡವಾಗಿ ಬರುವಂತೆ ಕಂಡರೆ ಟಿ.ವಿ.ಯಲ್ಲಿರುವ ‘ಗೇಮ್ ಮೋಡ್’ ಅನ್ನು ಆರಿಸಿರಿ. ತಪ್ಪು ನಿಮ್ಮದಲ್ಲದೆ ಪರದೆಯದೂ ಆಗಿರಬಹುದು.

ನಾಲ್ಕು ವಾರಗಳ ಅಭ್ಯಾಸಕ್ರಮ

ಮೊದಲನೆಯ ವಾರ: ಯಂತ್ರವಿಲ್ಲದೆ ಕಲಿಯಿರಿ. ನೆಲದ ಮೇಲೆ ಸುಮಾರು 3 ಅಡಿ ಚೌಕವನ್ನು ಬರೆದು ಒಂಬತ್ತು ಮನೆಗಳಾಗಿ ವಿಂಗಡಿಸಿರಿ. ನಡುಮನೆ ನಿಲ್ಲುವ ಸ್ಥಳ. ಅದರ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಇರುವ ಮನೆಗಳಲ್ಲಿ ಬಾಣಗಳನ್ನು ಬರೆಯಿರಿ. ಹಾಡು ಹಾಕಿ ಮೊದಲು ಕೈತಟ್ಟಿ “ಒಂದು, ಎರಡು, ಮೂರು, ನಾಲ್ಕು” ಎಂದು ಎಣಿಸಿರಿ. ತಾಳ ಕೈಗೆ ಹತ್ತಿದ ಮೇಲೆ ಕಾಲಿಗೆ ಇಳಿಸಿರಿ. ಒಬ್ಬರು “ಎಡ, ಬಲ, ಮುಂದೆ, ಹಿಂದೆ” ಎಂದು ಹೇಳಲಿ, ಇನ್ನೊಬ್ಬರು ಮೆಟ್ಟಲಿ. ಬಳಿಕ ಸರದಿ ಬದಲಾಯಿಸಿರಿ. ವಾರಕ್ಕೆ ಮೂರು ದಿನ, ದಿನಕ್ಕೆ 10 ನಿಮಿಷ ಸಾಕು.

ಎರಡನೆಯ ವಾರ: ಚಾಪೆಯ ಮೇಲೆ ‘ಬಿಗಿನರ್’ ಎಂಬ ಅತಿ ಸುಲಭದ ಹಂತವನ್ನು ಆರಿಸಿರಿ. ನಿಧಾನವಾದ ಹಾಡು ಇರಲಿ. ಒಂದು ಹಾಡು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ನಿಮಿಷ ಮಾತ್ರ. ಒಬ್ಬರು ಆಡುವಾಗ ಇನ್ನೊಬ್ಬರು ಕುಳಿತು ದಣಿವಾರಿಸಿಕೊಳ್ಳಿರಿ. ಹೊಸಬರು ಪ್ರತಿ ಹೆಜ್ಜೆಯ ನಂತರ ನಡುಮನೆಗೆ ಮರಳುತ್ತಾರೆ. ಇದರಿಂದ ಹೆಜ್ಜೆ ಎರಡರಷ್ಟಾಗಿ ಬೇಗ ದಣಿವಾಗುವುದು. ಮೆಟ್ಟಿದ ಕಾಲನ್ನು ಅಲ್ಲಿಯೇ ಬಿಟ್ಟು ಮುಂದಿನ ಬಾಣಕ್ಕೆ ಇನ್ನೊಂದು ಕಾಲನ್ನು ಬಳಸಿರಿ. ನಡೆಯುವಾಗ ಎಡಗಾಲು ಬಲಗಾಲು ಸರದಿಯಂತೆ ಬರುವುದಿಲ್ಲವೇ? ಇದೂ ಹಾಗೆಯೇ. ಹಿಮ್ಮಡಿಯಿಂದ ಕುಟ್ಟದೆ ಪಾದದ ಮುಂಭಾಗದಿಂದ ಮೆಲ್ಲನೆ ಒತ್ತಿರಿ. ಮಂಡಿ ಕೊಂಚ ಬಾಗಿರಲಿ.

ಮೂರನೆಯ ವಾರ: ದಿನಕ್ಕೆ 15ರಿಂದ 20 ನಿಮಿಷ, ನಾಲ್ಕು ದಿನ. ಬಾಣಗಳು ಒತ್ತೊತ್ತಾಗಿ ಕಂಡು ಗಲಿಬಿಲಿಯಾದರೆ ಆಟದಲ್ಲಿ ಬಾಣಗಳ ಓಟದ ವೇಗವನ್ನು ಹೆಚ್ಚಿಸುವ ಆಯ್ಕೆಯಿದೆ. ಇದರಿಂದ ಹಾಡಿನ ವೇಗ ಬದಲಾಗದು; ಬಾಣಗಳ ನಡುವಣ ಅಂತರ ಹೆಚ್ಚಿ ಓದಲು ಸುಲಭವಾಗುವುದು.

ನಾಲ್ಕನೆಯ ವಾರ: ನಡುನಡುವೆ ವಿಶ್ರಾಂತಿಯೊಡನೆ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಆಡಬಹುದು. ವಾರಕ್ಕೆ 150 ನಿಮಿಷಗಳೆಂಬ ಗುರಿಗೆ ನೀವು ಸಮೀಪಿಸುವಿರಿ. ಶ್ರಮ ಹಿತಮಿತವಾಗಿದೆಯೇ ಎಂಬುದಕ್ಕೆ ಸುಲಭ ಪರೀಕ್ಷೆಯೊಂದಿದೆ: ಆಡುತ್ತ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಮಾತನಾಡಲೂ ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿದು ಸುಲಭದ ಹಾಡಿಗೆ ಇಳಿಯಿರಿ.

ಪ್ರತಿದಿನ ಆರಂಭಕ್ಕೆ ಮುನ್ನ ಐದು ನಿಮಿಷ ಅಂಗಳದಲ್ಲಿ ನಡೆದು ಮೈ ಬೆಚ್ಚಗಾಗಿಸಿಕೊಳ್ಳಬೇಕು. ಊಟವಾದ ತಕ್ಷಣ ಆಡಬಾರದು. ಕುಡಿಯುವ ನೀರು ಹತ್ತಿರದಲ್ಲಿರಲಿ.

ಎರಡು ಚಾಪೆಗಳಿದ್ದು ಇಬ್ಬರೂ ಒಂದೇ ಹಾಡಿಗೆ ಆಡುವಾಗ ಒಬ್ಬರು ಸುಲಭದ ಹಂತವನ್ನೂ ಇನ್ನೊಬ್ಬರು ಕಠಿಣದ ಹಂತವನ್ನೂ ಆರಿಸಿಕೊಳ್ಳಬಹುದು. ಕಲಿತವರು ಕಲಿಯದವರಿಗಾಗಿ ಕಾಯಬೇಕಿಲ್ಲ, ಕಲಿಯದವರು ನಾಚಬೇಕಿಲ್ಲ. ಅಂಕ ಹೆಚ್ಚು ಬಂದವರು ಕಡಿಮೆ ಬಂದವರನ್ನು ಮಕ್ಕಳೆದುರಿಗೆ ಹೀಯಾಳಿಸುವುದು ತರವಲ್ಲ.

ಯಾರು ಮೊದಲು ವೈದ್ಯರನ್ನು ಕೇಳಬೇಕು?

ಗರ್ಭಿಣಿಯರು: ಗರ್ಭಿಣಿಗೆ ಚಲನೆ ಒಳ್ಳೆಯದೇ. ಆದರೆ ಹೊಟ್ಟೆ ಬೆಳೆದಂತೆ ದೇಹದ ಸಮತೋಲ ಬದಲಾಗಿ ಬೀಳುವ ಸಂಭವವಿದೆ. ನೆಗೆಯುವ, ತಿರುಗುವ ಹೆಜ್ಜೆಗಳು ಬೇಡ. ನಡಿಗೆಯೇ ಉತ್ತಮ. ರಕ್ತಸ್ರಾವ, ಹೊಟ್ಟೆನೋವು, ತಲೆಸುತ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಬಾಣಂತಿಯರು: ಹೆರಿಗೆಯ ನಂತರ 42ನೆಯ ದಿನದವರೆಗೆ ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸುತ್ತಾರೆ. ಆಗ ಈ ವಿಷಯವನ್ನೂ ಕೇಳಿರಿ. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಗಿದ್ದರೆ ವೈದ್ಯರ ಅನುಮತಿ ಅಗತ್ಯ. ಹೆಜ್ಜೆ ಹಾಕುವಾಗ, ನೆಗೆಯುವಾಗ ಮೂತ್ರ ಸೋರಿಕೆಯಾಗುವುದು ಅನೇಕ ತಾಯಂದಿರಿಗೆ ಉಂಟು. ನಾಚಿಕೆಯಿಂದ ಇದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಸಹಿಸುವವರಿದ್ದಾರೆ. ಇದು ಹೆರಿಗೆಯಲ್ಲಿ ಕಟಿಭಾಗದ ಸ್ನಾಯುಗಳು ಸಡಿಲಗೊಂಡುದರ ಪರಿಣಾಮ. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳನ್ನು ದಿನವೂ ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ಬಹಳ ಮಂದಿಗೆ ಗುಣವಾಗುತ್ತದೆ. ಗರ್ಭಕೋಶ ಜಾರಿದಂತೆ ಭಾರ ತೋರಿದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ಗಂಡನಾದವನು ಇದನ್ನು ತಿಳಿದಿದ್ದು ಜೊತೆಯಲ್ಲಿ ಹೋಗುವುದು ಕರ್ತವ್ಯ.

ಸಂತಾನ ನಿಯಂತ್ರಣದ ವಿಧಾನ ಅನುಸರಿಸಿದವರು: ಕುಣಿತದಿಂದ ಕಾಪರ್-ಟಿ ಜಾರಿಬೀಳುವುದೆಂಬ ಮಾತು ನಿರಾಧಾರ. ಟ್ಯುಬೆಕ್ಟಮಿ ಮಾಡಿಸಿಕೊಂಡವರು 48 ಗಂಟೆಗಳ ನಂತರ ಹಗುರ ಕೆಲಸವನ್ನು ಆರಂಭಿಸಿ, ಎರಡು ವಾರಗಳಲ್ಲಿ ಕ್ರಮವಾಗಿ ಎಲ್ಲ ಕೆಲಸಕ್ಕೂ ಮರಳಬಹುದು. ಅಲ್ಲಿಯವರೆಗೆ ಆಟ ಬೇಡ. ವ್ಯಾಸೆಕ್ಟಮಿ ಮಾಡಿಸಿಕೊಂಡ ಗಂಡಸರು ಒಂದು ವಾರ ಸೈಕಲ್ ತುಳಿಯಬಾರದು, ಕುಣಿಯಲೂಬಾರದು. ಬಳಿಕ ಮೊದಲಿನಂತೆಯೇ ದುಡಿಯಬಹುದು, ಆಡಬಹುದು. ಈ ಚಿಕಿತ್ಸೆಯಿಂದ ಗಂಡಸಿನ ಶಕ್ತಿ ಕುಂದುವುದೆಂಬುದು ತಪ್ಪು ಕಲ್ಪನೆ.

ರಕ್ತಹೀನತೆಯುಳ್ಳವರು: ಒಂದು ಹಾಡಿಗೇ ಏದುಸಿರು, ಎದೆಬಡಿತ, ಕಣ್ಣು ಕತ್ತಲೆ ಬಂದರೆ “ಅಭ್ಯಾಸವಿಲ್ಲ” ಎಂದು ಸುಮ್ಮನಾಗದಿರಿ. ರಕ್ತ ಪರೀಕ್ಷೆ ಮಾಡಿಸಿರಿ. ಗರ್ಭಿಣಿಯಲ್ಲದ ಸ್ತ್ರೀಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆ, ಸೊಪ್ಪು, ಬೇಳೆ, ರಾಗಿ ಮೊದಲು. ವೇಗದ ಹಾಡು ಆಮೇಲೆ.

ಇತರರು: ಹೃದ್ರೋಗ, ಅಧಿಕ ರಕ್ತದೊತ್ತಡ, ಮಂಡಿನೋವು ಇರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ಅಥವಾ ಬೆಲ್ಲವನ್ನು ಹತ್ತಿರವಿಟ್ಟುಕೊಳ್ಳಲಿ. ಆಟದ ನಡುವೆ ನಡುಕ, ಬೆವರು, ತಲೆಸುತ್ತು ಬಂದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಲಿ. ಮೂರ್ಛೆರೋಗವುಳ್ಳ ಕೆಲವರಿಗೆ ಪರದೆಯ ಮಿಂಚುವ ಬೆಳಕಿನಿಂದ ಮೂರ್ಛೆ ಬರಬಹುದು. ಎದೆನೋವು ಬಂದರೆ ಆಟ ನಿಲ್ಲಿಸಿ 108ಕ್ಕೆ ಕರೆ ಮಾಡಿರಿ. ಮೂವತ್ತು ವರ್ಷ ದಾಟಿದವರೆಲ್ಲರೂ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆಗಳ ಉಚಿತ ತಪಾಸಣೆ ಮಾಡಿಸಿಕೊಂಡೇ ಆರಂಭಿಸುವುದು ಜಾಣತನ.

ಮಕ್ಕಳ ವಿಷಯ

ನೀವು ಆಡುವುದನ್ನು ಕಂಡು ಮಕ್ಕಳೂ ಬರುವರು. ಐದು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯ ಚಲನೆ ಬೇಕು. ಇದರಲ್ಲಿ ಸ್ವಲ್ಪ ಭಾಗ ಈ ಆಟವಾಗಬಹುದು; ಬಯಲಿನ ಆಟಕ್ಕೆ ಇದು ಬದಲಲ್ಲ. ಎರಡು ವರ್ಷದೊಳಗಿನ ಶಿಶುವಿಗೆ ಪರದೆ ಸರ್ವಥಾ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಹೆಣ್ಣುಮಗಳಿಗೂ ಗಂಡುಮಗನಷ್ಟೇ ಸರದಿ ಸಿಗಲಿ. ತಂದೆತಾಯಿ ಜೊತೆಯಾಗಿ ಆಡುವ ಮನೆಯಲ್ಲಿ ಈ ಪಾಠವನ್ನು ಬಾಯಲ್ಲಿ ಹೇಳಿಕೊಡಬೇಕಾಗಿಲ್ಲ.

ಚರ್ಚೆಗಾಗಿ

ಈ ಪಾಠವನ್ನು ಓದಿದ ಮೇಲೆ ದಂಪತಿಗಳು ಒಟ್ಟಿಗೆ ಕುಳಿತು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಹುಡುಕಿರಿ:

1. ದಿನದಲ್ಲಿ ಇಬ್ಬರಿಗೂ ಒಂದೇ ಹೊತ್ತಿಗೆ ಅರ್ಧ ಗಂಟೆ ಬಿಡುವು ಯಾವಾಗ ದೊರೆಯುತ್ತದೆ? ದೊರೆಯದಿದ್ದರೆ ಯಾವ ಕೆಲಸವನ್ನು ಹಂಚಿಕೊಂಡರೆ ದೊರೆಯುತ್ತದೆ?
2. ಇಬ್ಬರ ರಕ್ತದೊತ್ತಡ, ರಕ್ತ ಪರೀಕ್ಷೆಗಳು ಕೊನೆಯ ಬಾರಿ ಆದದ್ದು ಯಾವಾಗ?
3. ಹೇಳಲು ಸಂಕೋಚಪಟ್ಟು ಇದುವರೆಗೆ ಒಬ್ಬರು ಇನ್ನೊಬ್ಬರಿಗೆ ತಿಳಿಸದಿರುವ ದೇಹದ ತೊಂದರೆ ಏನಾದರೂ ಇದೆಯೇ?

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಮರುದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿರಿ. ಸಿಗದಿದ್ದರೆ ಇಂದು ಸಂಜೆಯೇ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂಬತ್ತು ಮನೆಗಳನ್ನು ಬರೆಯಿರಿ.